ಎರೆಮಣ್ಣಿನ ಮೇಲೆ ಹುಲ್ಲುಹಾಸು: ಹುಬ್ಬಳ್ಳಿಯ ಒಂದು ಮನೆತೋಟದ ಪ್ರಕರಣ

ಹುಬ್ಬಳ್ಳಿಯ ಪೂರ್ವಕ್ಕೆ, ಹಿಂದೆ ಹತ್ತಿ, ಜೋಳ, ಕಡಲೆ ಬೆಳೆಯುತ್ತಿದ್ದ ಎರೆಹೊಲಗಳೆಲ್ಲ ಒಂದೊಂದಾಗಿ ಬಡಾವಣೆಗಳಾಗುತ್ತಿವೆ. ಅಂಥ ಒಂದು ಬಡಾವಣೆಯ ಮನೆಯಲ್ಲಿ ನಡೆದದ್ದು ಇದು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಊರಿನ ಭಾಗ, ಉದ್ಯೋಗದಂಥ ಕೆಲವು ವಿವರ ಬದಲಿಸಿದ್ದೇನೆ. ಮಣ್ಣು, ನೀರು, ಗಿಡಗಳ ವಿಷಯ ಮಾತ್ರ ಇದ್ದದ್ದು ಇದ್ದ ಹಾಗೇ ಇದೆ. ಮನೆತೋಟಗಳಿಗೆ ಸಲಹೆ ಕೊಡುವುದು ನನ್ನ ಕೆಲಸ. ಹುಬ್ಬಳ್ಳಿಯಿಂದ ಗದಗಿನ ತನಕ ಹೊಸ ಮನೆಗಳಲ್ಲಿ ಇದೇ ಕಥೆ ಬೇರೆ ಬೇರೆ ರೂಪದಲ್ಲಿ ಎದುರಾಗುವುದರಿಂದ, ಒಂದನ್ನಾದರೂ ಪೂರ್ತಿ ಬರೆದಿಡಬೇಕು ಅನ್ನಿಸಿತು.

ಹಿನ್ನೆಲೆ

ಮನೆಯಲ್ಲಿ ಮೂವರು. ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿ, ಓಣಿಯವರಿಗೆ ‘ಸಾಹೇಬ್ರು’. ಅವರ ಹೆಂಡತಿ ಹೈಸ್ಕೂಲಿನಲ್ಲಿ ಕಲಿಸುತ್ತಾರೆ, ಹಾಗಾಗಿ ಎಲ್ಲರ ಬಾಯಲ್ಲೂ ‘ಅಕ್ಕಾರು’. ಸಾಹೇಬರ ತಾಯಿಗೆ ಎಂಬತ್ತರ ಹತ್ತಿರ. ಬಾಳಿನ ಬಹುಪಾಲು ಗದಗ ಕಡೆಯ ಹಳ್ಳಿಯಲ್ಲಿ ಕಳೆದವರು, ಹಿತ್ತಲಲ್ಲಿ ಪೇರಲ, ನುಗ್ಗೆ, ಬಚ್ಚಲ ನೀರಿಗೆ ಬಾಳೆ ಬೆಳೆಸಿದವರು. ಇಲ್ಲಿ ಅವರನ್ನು ‘ಅವ್ವ’ ಎಂದೇ ಕರೆಯುತ್ತೇನೆ. ಮಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾನೆ, ಹಬ್ಬ-ಹುಣ್ಣಿಮೆಗೆ ಬಂದುಹೋಗುತ್ತಾನೆ.

40×60ರ ಎರಡು ಸೈಟು ಕೂಡಿಸಿ ಮನೆ ಕಟ್ಟಿದ್ದರು. ಮನೆಗೆ ಸುಮಾರು 1,700 ಚದರ ಅಡಿ ಹೋಗಿ, ಸುತ್ತಲೂ ಸಾಕಷ್ಟು ಜಾಗ ಉಳಿದಿತ್ತು. ತೋಟದ ನಕಾಶೆ ಮಾಡಿದ್ದು ಒಬ್ಬ ಗುತ್ತಿಗೆದಾರ. ಅದಕ್ಕೆ ಆಧಾರವಾದದ್ದು ಮಗ ಮೊಬೈಲಿನಲ್ಲಿ ಕೂಡಿಸಿಟ್ಟಿದ್ದ ಚಿತ್ರಗಳು. ಒಂದೊಂದು ಚಿತ್ರವೂ ಚೆಂದವಿತ್ತು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಯಾವ ಚಿತ್ರವನ್ನೂ ಬಿಡದೆ ಎಲ್ಲವನ್ನೂ ಒಂದೇ ಅಂಗಳದಲ್ಲಿ ಇಳಿಸಿದ್ದರು. ಮುಂದೆ 600 ಚದರ ಅಡಿಯ ಹುಲ್ಲುಹಾಸು, ಅದರ ನಡುವೆ ಹಾವಿನಂತೆ ಬಳುಕುವ ಪೇವರ್ ದಾರಿ, ಕಾರಂಜಿಯಿರುವ ಸಣ್ಣ ಕೊಳ, ಕಲ್ಲುಗಳ ನಡುವೆ ಕಳ್ಳಿ ಜಾತಿಯ ಗಿಡಗಳು, ಗುಲಾಬಿ ಮಡಿ, ಉಂಡೆಯಂತೆ ಕತ್ತರಿಸಿದ ಫೈಕಸ್, ಸಾಲು ಪಾಮ್, ಕಬ್ಬಿಣದ ಚಪ್ಪರ. ಸಾಲದ್ದಕ್ಕೆ ಪಶ್ಚಿಮದ ಕಂಪೌಂಡ್ ಗೋಡೆಗೆ ಸಣ್ಣ ಸಣ್ಣ ಕುಂಡ ತೂಗುಹಾಕಿದ ಗೋಡೆ ತೋಟ. ಗಿಡಗಳ ಜಾತಿಯೇ ನಲವತ್ತರ ಮೇಲೆ. ಕೆಳಗಿನ ಎರೆಮಣ್ಣು ಕಾಣದಂತೆ ಅದರ ಮೇಲೆ ಅರ್ಧ ಅಡಿ ಕೆಂಪು ಮಣ್ಣು ಸುರಿದಿದ್ದರು.

ಗೃಹಪ್ರವೇಶ ಡಿಸೆಂಬರಿನಲ್ಲಾಯಿತು. ನಮ್ಮ ಕಡೆ ಅದು ಗಿಡಗಳಿಗೆ ಅತ್ಯಂತ ಹಿತವಾದ ಕಾಲ. ಬಿಸಿಲು ಹದ, ಇಬ್ಬನಿ ಬೇರೆ, ನರ್ಸರಿಯಿಂದ ತಂದ ಗಿಡ ಚೀಲದಲ್ಲಿದ್ದರೂ ಎರಡು ತಿಂಗಳು ನಗುನಗುತ್ತಾ ಇರುತ್ತದೆ. ಊಟಕ್ಕೆ ಬಂದ ಬೀಗರು, ಬ್ಯಾಂಕಿನವರು ಎಲ್ಲರೂ ತೋಟದ ಮುಂದೆ ನಿಂತು ಫೋಟೊ ತೆಗೆಸಿಕೊಂಡರು. ಆ ಹೊಗಳಿಕೆಯ ಭಾರ ಮುಂದೆ ತೀರ್ಮಾನ ತೆಗೆದುಕೊಳ್ಳುವಾಗ ಅಡ್ಡ ಬಂತು. ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ.

ತೊಂದರೆ ಶುರುವಾದದ್ದು

ಮಾರ್ಚಿನಲ್ಲಿ ಮೊದಲು ಸೋತದ್ದು ಗೋಡೆ ತೋಟ. ಪಶ್ಚಿಮದ ಬಿಸಿಲಿಗೆ ಗೋಡೆ ಕಾಯುತ್ತದೆ. ಒಂದೊಂದು ಕುಂಡದಲ್ಲಿ ಹಿಡಿಯಷ್ಟು ತೆಂಗಿನ ನಾರಿನ ಪುಡಿ, ಅಷ್ಟೇ. ಬೆಳಿಗ್ಗೆ ಹಾಕಿದ ನೀರು ಮಧ್ಯಾಹ್ನಕ್ಕೆ ಇರುತ್ತಿರಲಿಲ್ಲ. ದಿನಕ್ಕೆ ಎರಡು ಹೊತ್ತು ನೀರು ಬೇಕು, ಮನೆಯವರಿಬ್ಬರೂ ಒಂಬತ್ತಕ್ಕೆ ಹೊರಗೆ.

ಹುಲ್ಲುಹಾಸಿನ ಲೆಕ್ಕ ಇನ್ನೂ ಕಠಿಣ. ಒಂದು ಚದರ ಮೀಟರಿನ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಹುಲ್ಲು ದಿನಕ್ಕೆ 5 ಮಿ.ಮೀ. ಕುಡಿಯುತ್ತದೆಂದು ಕಡಿಮೆಯಲ್ಲೇ ಹಿಡಿದರೂ, 600 ಚದರ ಅಡಿಗೆ, ಅಂದರೆ ಸುಮಾರು 56 ಚದರ ಮೀಟರಿಗೆ, ದಿನಕ್ಕೆ 280 ಲೀಟರ್. ಅವರ ಭಾಗದಲ್ಲಿ ನಳದ ನೀರು ವಾರಕ್ಕೊಮ್ಮೆ. ಒಂದು ಸರದಿಯಿಂದ ಇನ್ನೊಂದು ಸರದಿಯ ತನಕ ಹುಲ್ಲೊಂದಕ್ಕೇ ಹತ್ತಿರ ಹತ್ತಿರ 2,000 ಲೀಟರ್, ಅಂದರೆ ಮಾಳಿಗೆ ಮೇಲಿನ ಸಾವಿರ ಲೀಟರಿನ ಎರಡು ಟ್ಯಾಂಕು ಬರಿದು. ಮಲಪ್ರಭೆಯಿಂದ ಪಂಪಾಗಿ, ಶುದ್ಧವಾಗಿ ಬರುವ ಕುಡಿಯುವ ನೀರು ಅದು. ಅಕ್ಕಾರು ಹೇಳಿದ್ದು ನನಗೆ ಹಾಗೇ ನೆನಪಿದೆ: “ಹುಲ್ಲಿಗೆ ನೀರ ಬಿಟ್ರ ಅರಿವಿ ಒಗಿಯಾಕ ನೀರಿಲ್ಲ, ಅರಿವಿ ಒಗದ್ರ ಹುಲ್ಲ ಒಣಗತೈತ್ರಿ. ದಿನಾ ಬೆಳಗಾದ್ರ ಇದ ಜಗಳ ಆಗೇತಿ.”

ಬೋರ್‌ವೆಲ್ ನೀರು ಇತ್ತು, ಆದರೆ ಸವುಳು. ಹುಬ್ಬಳ್ಳಿಯಿಂದ ನವಲಗುಂದದ ಕಡೆಗೆ ಹೋದಷ್ಟೂ ಈ ತೊಂದರೆ ಹೆಚ್ಚು. ಹನಿ ನೀರಾವರಿಯ ಬಾಯಿಗಳಲ್ಲಿ ಬಿಳಿ ಉಪ್ಪು ಕಟ್ಟಿ ಅರ್ಧಕ್ಕರ್ಧ ಮುಚ್ಚಿಹೋಗಿದ್ದವು. ಗುಲಾಬಿ, ಇಕ್ಸೋರಾ ಎಲೆಗಳು ಹಳದಿಯಾಗಿ, ನರ ಮಾತ್ರ ಹಸಿರಾಗಿ ಉಳಿದಿದ್ದವು. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ ಬೇರಿಗೆ ಕಬ್ಬಿಣದ ಅಂಶ ದಕ್ಕದಿದ್ದಾಗ ಕಾಣುವ ಗುರುತು ಇದು. ಅಂಗಡಿಯವನು ಕೊಟ್ಟ ಗೊಬ್ಬರ ಹಾಕಿದರೂ ಹಳದಿ ಹೋಗಲಿಲ್ಲ. ಅಲ್ಲಿ ಗೊಬ್ಬರದ ಕೊರತೆಯೇ ಇರಲಿಲ್ಲ.

ಮಿರಗ ಮಳೆ ಬಂದಾಗ ಇದೆಲ್ಲ ಸರಿಹೋಗುತ್ತದೆಂದು ಕಾದರು. ಮಳೆಯಲ್ಲಿ ಇನ್ನೊಂದು ಬಗೆಯ ಕಷ್ಟ ಬಂತು. ಎರೆಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ಇಳಿಯುವಷ್ಟು ಬಿರುಕು ಬಿಟ್ಟ ನೆಲ ಜುಲೈಯಲ್ಲಿ ಉಬ್ಬಿ, ಪೇವರ್ ಕಲ್ಲುಗಳನ್ನು ಅಲ್ಲಲ್ಲಿ ಮೇಲಕ್ಕೆತ್ತಿತು. ಮೇಲಿನ ಕೆಂಪು ಮಣ್ಣಿನಲ್ಲಿ ಸರಸರ ಇಳಿದ ನೀರು ಕೆಳಗಿನ ಎರೆಯ ಮೇಲೆ ಬಂದು ನಿಂತಿತು. ಗುಲಾಬಿ ಮಡಿಯಲ್ಲಿ ನಡೆದರೆ ಕಾಲ ಕೆಳಗೆ ಪಿಚಕ್ಕೆನ್ನುವಂತಿತ್ತು.

ಕೊಳದ ಕಾರಂಜಿಯ ಮೋಟಾರು ಅಷ್ಟೊತ್ತಿಗೆ ಕೆಟ್ಟಿತ್ತು. ನಿಂತ ನೀರಿನಲ್ಲಿ ಡೆಂಗಿ ಹರಡುವ ಸೊಳ್ಳೆಯ ಮೊಟ್ಟೆ ಒಂದು ವಾರ, ಹತ್ತು ದಿನದಲ್ಲಿ ಹಾರುವ ಸೊಳ್ಳೆಯಾಗುತ್ತದೆ. ಮನೆ ಮನೆಗೆ ಲಾರ್ವಾ ನೋಡಲು ಬಂದ ಆಶಾ ಕಾರ್ಯಕರ್ತೆಗೆ ಈ ಕೊಳದಲ್ಲಿ ಹುಳು ಸಿಕ್ಕವು. ಅಕ್ಕಾರಿಗೆ ಓಣಿಯಲ್ಲಿ ಬಹಳ ಸಂಕೋಚವಾಯಿತು.

ಇಷ್ಟಾದರೂ ತೋಟ ಬದಲಿಸುವ ಮಾತು ಬಂದಿರಲಿಲ್ಲ. ಆ ಮಾತು ಬಂದದ್ದು ಅವ್ವ ಎಡವಿ ಬಿದ್ದ ಮೇಲೆ. ಎದ್ದು ನಿಂತ ಪೇವರ್ ಕಲ್ಲಿನ ಅಂಚಿಗೆ ಕಾಲು ತಾಗಿ ಮುಗ್ಗರಿಸಿದರು. ಎಲುಬು ಮುರಿಯಲಿಲ್ಲ, ಪುಣ್ಯ. ಆದರೆ ಅಂದಿನಿಂದ ಅವರು ಅಂಗಳಕ್ಕೆ ಇಳಿಯುವುದನ್ನೇ ಬಿಟ್ಟರು. ಬಾಗಿಲ ಹೊಸ್ತಿಲಲ್ಲಿ ಕುರ್ಚಿ ಹಾಕಿಕೊಂಡು ಹೊರಗೆ ನೋಡುತ್ತಾ ಕೂರುತ್ತಿದ್ದರು. ನಾನು ಆ ಮನೆಗೆ ಹೋದದ್ದು ಅದಾದ ಮೇಲೆ.

ಮೊದಲು ಮಾಡಿದ ಪ್ರಯತ್ನಗಳು

ನನ್ನನ್ನು ಕರೆಯುವ ಮೊದಲು ಅವರು ಸುಮ್ಮನೆ ಕೂತಿರಲಿಲ್ಲ. ಆದರೆ ಪ್ರತಿ ತೊಂದರೆಗೂ ಹೊಸದೊಂದನ್ನು ಸೇರಿಸುತ್ತಾ ಹೋಗಿದ್ದರು. ಗೋಡೆ ತೋಟ ಒಣಗಿತೆಂದು ಅದಕ್ಕೆ ಟೈಮರ್ ಇರುವ ಬೇರೆ ಪೈಪು. ಪೈಪಿನಲ್ಲಿ ಉಪ್ಪು ಕಟ್ಟಿತೆಂದು ಫಿಲ್ಟರ್. ಫಿಲ್ಟರ್ ತೊಳೆಯಲು ವಾರಕ್ಕೊಮ್ಮೆ ಬರುವ ಮಾಲಿ. ನೀರು ನಿಂತಿತೆಂದು ಮಡಿಗೆ ಎರಡು ಟ್ರಾಕ್ಟರ್ ಉಸುಕು. ಜಿಗುಟು ಎರೆಗೆ ಸ್ವಲ್ಪ ಉಸುಕು ಬೆರೆಸಿದರೆ ಮಣ್ಣು ಸಡಿಲಾಗುವುದಿಲ್ಲ, ಒಣಗಿದ ಮೇಲೆ ಇನ್ನೂ ಗಟ್ಟಿಯಾಗಿ ಕೂರುತ್ತದೆ. ಹಾಗೇ ಆಯಿತು. ಸೊಳ್ಳೆ ಬಂದವೆಂದು ಗಪ್ಪಿ ಮೀನು ಬಿಟ್ಟರು. ಮೀನೇನೋ ಕೆಲಸ ಮಾಡಿದವು, ಆದರೆ ಬೇಸಿಗೆಯಲ್ಲಿ ಕೊಳಕ್ಕೆ ನೀರು ಸಾಲದೆ ಅವೂ ಉಳಿಯಲಿಲ್ಲ.

ಒಂದೊಂದು ಪರಿಹಾರವೂ ಬಿಡಿಯಾಗಿ ನೋಡಿದರೆ ಸರಿ ಅನ್ನಿಸುವಂಥದೇ. ಕೂಡಿಸಿ ನೋಡಿದರೆ, ನೋಡಿಕೊಳ್ಳಬೇಕಾದ ವಸ್ತುಗಳು ಮಾತ್ರ ಹೆಚ್ಚಾಗಿದ್ದವು. ತೋಟದಲ್ಲಿ ಒಂದು ಸಾಮಾನು ಹೆಚ್ಚಾದರೆ ಅದರ ಜೊತೆಗೆ ಅದನ್ನು ತೊಳೆಯುವ, ಕತ್ತರಿಸುವ, ರಿಪೇರಿ ಮಾಡಿಸುವ ಕೆಲಸವೂ ಮನೆಗೆ ಬರುತ್ತದೆ. ನಕಾಶೆಯಲ್ಲಿ ಆ ಕೆಲಸ ಕಾಣುವುದಿಲ್ಲ.

ಗುಂಡಿ ತೋಡಿ ನೋಡಿದ್ದು

ನಾನು ಮೊದಲು ಕೇಳಿದ್ದು ಒಂದು ಸಲಿಕೆ. ಸೊರಗಿದ ಒಂದು ಗುಲಾಬಿ ಗಿಡವನ್ನು ಸುತ್ತ ಬಿಡಿಸಿ ಮೆಲ್ಲಗೆ ಎತ್ತಿದೆ. ನರ್ಸರಿಯ ಚೀಲದ ಆಕಾರದಲ್ಲೇ ಕೆಂಪು ಮಣ್ಣಿನ ಹೆಂಟೆ ಇಡಿಯಾಗಿ ಬಂತು. ಬೇರುಗಳು ಆ ಹೆಂಟೆಯೊಳಗೇ ಸುತ್ತು ಹಾಕಿದ್ದವು. ಹೊರಗಿನ ಮಣ್ಣಿಗೆ ಒಂದು ಎಳೆಯೂ ದಾಟಿರಲಿಲ್ಲ. ಹೆಂಟೆಗೂ ಸುತ್ತಲಿನ ಎರೆಗೂ ನಡುವೆ ಬೆರಳು ತೂರುವಷ್ಟು ಸಂದು. ಬೇಸಿಗೆಯಲ್ಲಿ ಎರೆ ಕುಗ್ಗಿದಾಗ ಆದ ಸಂದು ಅದು. ಹಾಕಿದ ನೀರೆಲ್ಲ ಆ ಸಂದಿನಲ್ಲಿ ಕೆಳಗಿಳಿದು ಹೋಗುತ್ತಿತ್ತು, ಹೆಂಟೆ ಒಳಗೆ ಒಣಗಿ ಇಟ್ಟಿಗೆಯಾಗಿತ್ತು. ಮಳೆಗಾಲದಲ್ಲಿ ಅದೇ ತಗ್ಗು ಬಾವಿಯಂತೆ ತುಂಬಿ ಬೇರು ಕೊಳೆಸುತ್ತಿತ್ತು.

ಸಾಹೇಬರು ಆ ಹೆಂಟೆಯನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ತಿರುಗಿಸಿ ನೋಡಿದರು. ಅಷ್ಟು ದಿನ ಮಾಲಿಯ ಮೇಲಿದ್ದ ಸಿಟ್ಟು ಅಲ್ಲಿಗೆ ಇಳಿಯಿತು. ಈ ಪ್ರಕರಣದ ಮೊದಲ ತಿರುವು ಇದೇ ಎಂದು ನಾನು ತಿಳಿಯುತ್ತೇನೆ. ತಪ್ಪು ಯಾರೊಬ್ಬರ ಸೋಮಾರಿತನದ್ದಲ್ಲ, ಜಾಗಕ್ಕೆ ಒಗ್ಗದ ತೋಟ ಹಾಕಿದ್ದೇ ತಪ್ಪು ಎನ್ನುವುದು ಅವರ ಕಣ್ಣಿಗೇ ಕಂಡಿತು.

ಮಣ್ಣು ಮತ್ತು ಬೋರ್‌ವೆಲ್ ನೀರಿನ ಮಾದರಿಯನ್ನು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಪರೀಕ್ಷೆ ಮಾಡಿಸಲು ಹೇಳಿದೆ. 1986ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ನಮ್ಮ ಕಡೆಯವರ ಕೈಗೆಟಕುವ ದೂರದಲ್ಲೇ ಇದೆ. ಆದರೂ ಸೈಟಿನ ಮಣ್ಣು ಪರೀಕ್ಷೆಗೆ ಒಯ್ಯುವವರು ಬಹಳ ಕಡಿಮೆ. ಹೊಲಕ್ಕೆ ಮಾಡಿಸುತ್ತೇವೆ, ಮನೆಯಂಗಳಕ್ಕೆ ಯಾಕೆ ಎನ್ನುತ್ತಾರೆ. ವರದಿಯಲ್ಲಿ ಮಣ್ಣಿನ ಪಿಎಚ್ 8ರ ಮೇಲೆ, ಅಂದರೆ ಮಣ್ಣು ಕ್ಷಾರದ್ದು, ನೀರಿನಲ್ಲಿ ಲವಣ ಹೆಚ್ಚು ಎಂದು ಬಂತು. ಗುಲಾಬಿ, ಇಕ್ಸೋರಾ ಆಸೆ ಅಲ್ಲಿಗೆ ಮುಗಿಯಿತು.

ಕ್ಯಾಲೆಂಡರಿನ ಹಾಳೆ

ಎರಡನೆಯ ತಿರುವು ಅಡುಗೆಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನಿಂದ ಬಂತು. ಒಂದು ವಾರ ತೋಟದಲ್ಲಿ ಯಾರು ಏನು ಕೆಲಸ ಮಾಡಿದರು, ಯಾರು ಎಲ್ಲಿ ಹೋಗಿ ಕೂತರು, ಏನನ್ನು ಕಿತ್ತು ತಂದು ಬಳಸಿದರು ಎನ್ನುವುದನ್ನು ಆಯಾ ತಾರೀಖಿನ ಮನೆಯಲ್ಲಿ ಬರೆಯಿರಿ ಎಂದೆ. ಅಕ್ಕಾರು ಶಿಸ್ತಿನಿಂದ ಬರೆದಿಟ್ಟಿದ್ದರು.

ಕೆಲಸದ ಸಾಲಿನಲ್ಲಿ ದಿನವೂ ಗೋಡೆ ಕುಂಡ, ಹುಲ್ಲು, ಫಿಲ್ಟರ್. ಬಳಕೆಯ ಸಾಲಿನಲ್ಲಿ ತುಳಸಿ, ಕರಿಬೇವು, ಹಿಂದಿನ ಒಗೆಯುವ ಕಲ್ಲು, ಹಿತ್ತಲ ಬಾಗಿಲ ಮೆಟ್ಟಿಲು. ಹೆಚ್ಚು ಕೈ ಬೇಡುವ ಜಾಗಕ್ಕೆ ಯಾರೂ ಹೋಗಿ ಕೂರುತ್ತಿರಲಿಲ್ಲ. ಎಲ್ಲರೂ ಬಳಸುವ ಜಾಗಕ್ಕೆ ನಕಾಶೆಯಲ್ಲಿ ಹೆಸರೇ ಇರಲಿಲ್ಲ. ಹುಲ್ಲುಹಾಸಿನ ಮೇಲೆ ಆ ವಾರ ಕಾಲಿಟ್ಟವರು ಮಾಲಿ ಒಬ್ಬನೇ. ಪೂಜೆಯ ಹೂವನ್ನು ಇಷ್ಟೆಲ್ಲ ಗಿಡವಿದ್ದೂ ದುರ್ಗದಬೈಲಿನ ಸಂತೆಯಿಂದ ತರುತ್ತಿದ್ದರು.

ಹಾಳೆಯನ್ನು ಮೇಜಿನ ಮೇಲಿಟ್ಟುಕೊಂಡು ಕೂತಾಗ ಸಾಹೇಬರು ಕೇಳಿದ್ದು ನೇರವಾಗಿತ್ತು: “ಇಷ್ಟ ರೊಕ್ಕಾ ಸುರದೀವಿ. ಈಗ ಕಿತ್ತ ಒಗೀರಿ ಅಂತೀರೇನು?” ಅವರ ಸಂಕಟ ನ್ಯಾಯವಾದದ್ದೇ. ಖರ್ಚಾದ ಹಣ ಹುಲ್ಲು ಇಟ್ಟುಕೊಂಡರೂ ವಾಪಸ್ ಬರುವುದಿಲ್ಲ, ತೆಗೆದರೂ ಬರುವುದಿಲ್ಲ. ಇನ್ನು ಮುಂದೆ ವಾರ ವಾರ ಹೋಗುವ ನೀರು ಮತ್ತು ಹೊತ್ತು ಮಾತ್ರ ನಿಮ್ಮ ಕೈಯಲ್ಲಿದೆ ಎಂದು ಹೇಳಿದೆ. ಮಗ ಫೋನಿನಲ್ಲಿ ಬೇಸರಪಟ್ಟುಕೊಂಡ. ಅವನು ಆಸೆಯಿಂದ ಮಾಡಿಸಿದ ತೋಟ, ತನ್ನ ಸಂಬಳದ ದುಡ್ಡೂ ಅದರಲ್ಲಿತ್ತು.

ಅಲ್ಲಿಯ ತನಕ ಸುಮ್ಮನಿದ್ದ ಅವ್ವ ನನ್ನ ಕಡೆ ತಿರುಗಿ, “ತಮ್ಮಾ, ನನಗ ಕುಂದ್ರಾಕ ಒಂದ ಕಟ್ಟಿ, ನೆಳ್ಳಿಗೊಂದ ಗಿಡ, ದೇವರಿಗೆ ನಾಕ ಹೂವ. ಕಾಲಿಗೆ ತೊಡರಬಾರದು, ಅಷ್ಟ” ಎಂದರು. ಮಗ ಫೋನಿನಲ್ಲಿ ಅದನ್ನು ಕೇಳಿಸಿಕೊಂಡ. ಆಮೇಲೆ ಅವನು ವಾದ ಮಾಡಲಿಲ್ಲ. ಗೇಟಿನ ಬಳಿಯ ಕಾಗದದ ಹೂವಿನ ಬಳ್ಳಿ ಮಾತ್ರ ಉಳಿಯಲಿ ಎಂದ. ಅದು ಕಡಿಮೆ ನೀರಿನಲ್ಲೇ ಮೈತುಂಬ ಹೂ ಬಿಡುವ ಬಳ್ಳಿ, ಉಳಿಸಲು ನನಗೆ ಯಾವ ಅಡ್ಡಿಯೂ ಕಾಣಲಿಲ್ಲ.

ಏನು ತೆಗೆದೆವು, ಏನು ಇಟ್ಟೆವು

ಎಲ್ಲವನ್ನೂ ಒಂದೇ ಸಲ ಕೀಳಬಾರದೆಂದು ನಿರ್ಧರಿಸಿದೆವು. ಮೊದಲು ಗೋಡೆ ತೋಟ ಇಳಿಯಿತು. ಮಳೆ ಕಡಿಮೆಯಾದ ಮೇಲೆ ಹುಲ್ಲು, ಅದರ ಕೆಳಗಿನ ಕೆಂಪು ಮಣ್ಣು ಸಮೇತ. ಆ ಮಣ್ಣು ವ್ಯರ್ಥವಾಗಲಿಲ್ಲ. ಎರೆಮಣ್ಣು, ಕೊಳೆತ ಸಗಣಿ ಗೊಬ್ಬರದ ಜೊತೆ ಅದನ್ನು ಚೆನ್ನಾಗಿ ಕಲಸಿ, ಗಿಡ ಹಚ್ಚುವ ಕಡೆ ನೆಲಮಟ್ಟದಿಂದ ಒಂದೂವರೆ ಅಡಿ ಎತ್ತರದ ಏರುಮಡಿ ಕಟ್ಟಿದೆವು. ಒಂದರ ಮೇಲೊಂದು ಪದರ ಹಾಕುವುದಕ್ಕೂ ಕಲಸುವುದಕ್ಕೂ ಬಹಳ ವ್ಯತ್ಯಾಸವಿದೆ. ಪದರವಿದ್ದರೆ ಎರಡು ಮಣ್ಣು ಕೂಡುವಲ್ಲಿ ನೀರು ನಿಲ್ಲುತ್ತದೆ, ಬೇರು ಅಲ್ಲೇ ತಿರುಗುತ್ತದೆ. ಕಲಸಿದರೆ ಆ ಗೆರೆಯೇ ಇರುವುದಿಲ್ಲ. ನರ್ಸರಿಯಿಂದ ತಂದ ಹೊಸ ಗಿಡಗಳ ಹೆಂಟೆಯನ್ನೂ ನೀರಿನಲ್ಲಿ ನೆನೆಸಿ, ಹೊರಗಿನ ಬೇರು ಬಿಡಿಸಿಯೇ ಹಚ್ಚಿದೆವು.

ಬಳುಕುವ ದಾರಿ ಹೋಗಿ, ಗೇಟಿನಿಂದ ಹಿತ್ತಲ ತನಕ ನಾಲ್ಕು ಅಡಿ ಅಗಲದ ನೆಟ್ಟನೆಯ ಒಂದೇ ದಾರಿ ಬಂತು. ಎರೆಯನ್ನು ಒಂದು ಅಡಿ ತೆಗೆದು, ಗರಸು ತುಂಬಿ ಬಡಿದು, ಮೇಲೆ ಶಹಾಬಾದ್ ಫರಸಿ ಹಾಸಿದೆವು. ಸಿಮೆಂಟ್ ಹಾಕಲಿಲ್ಲ. ಎರೆಯ ಮೇಲೆ ಯಾವುದೇ ಹಾಸು ಸ್ವಲ್ಪವಾದರೂ ಅಲುಗಾಡುತ್ತದೆ. ಅಲುಗಾಡಿದ ಫರಸಿಯನ್ನು ಇಬ್ಬರು ಎತ್ತಿ, ಕೆಳಗೆ ಹಿಡಿ ಗರಸು ಹಾಕಿ ಮತ್ತೆ ಕೂರಿಸಬಹುದು. ಮುರಿಯದಂಥದ್ದು ಹುಡುಕುವುದಕ್ಕಿಂತ, ಕೆಟ್ಟರೆ ಮನೆಯವರೇ ಸರಿಮಾಡಬಹುದಾದದ್ದು ಆರಿಸುವುದು ಲೇಸೆಂದು ನನ್ನ ಅನುಭವ. ದಾರಿಯ ಪಕ್ಕ ಅವ್ವನ ಮೊಣಕಾಲಿನ ಎತ್ತರ ಅಳೆದು ಒಂದು ಕಟ್ಟೆ ಕಟ್ಟಿದೆವು. ಕುಳ್ಳಗಿನ ಕಟ್ಟೆಯಿಂದ ವಯಸ್ಸಾದವರಿಗೆ ಏಳಲಾಗುವುದಿಲ್ಲ.

ನೆರಳಿಗೆ ನೈರುತ್ಯದಲ್ಲಿ, ಗೋಡೆಯಿಂದ ಸಾಕಷ್ಟು ದೂರ ಬಿಟ್ಟು ಒಂದು ಹುಲಗಲ ಗಿಡ. ಬೆಂಗಳೂರು ಕಡೆ ಹೊಂಗೆ ಎನ್ನುವುದು ಇದಕ್ಕೇ. ಎರೆಗೂ ಸವುಳಿಗೂ ಹೆದರದ ಮರ, ಬೇಸಿಗೆ ಏರುವ ಹೊತ್ತಿಗೆ ಹೊಸ ಎಲೆ ತೊಟ್ಟು ನಿಲ್ಲುತ್ತದೆ. ಕಂಪೌಂಡಿನ ಗುಂಟ ದಾಸವಾಳದ ಸಾಲು, ಕಟ್ಟೆಯ ಹತ್ತಿರ ದುಂಡುಮಲ್ಲಿಗೆ, ಮೂಲೆಗೆ ಪಾರಿಜಾತ. ಅಡುಗೆಮನೆಯ ಬಾಗಿಲಿಗೆ ಕರಿಬೇವು, ಹಿಂದೆ ನುಗ್ಗೆ, ಒಂದು ಪೇರಲ. ಸೊಪ್ಪಿಗೆ 4×10 ಅಡಿಯ ಒಂದೇ ಮಡಿ, ಎರಡೂ ಬದಿಯಿಂದ ಕೈ ಎಟಕುವಷ್ಟು. ನಲವತ್ತು ಜಾತಿ ಇದ್ದಲ್ಲಿ ಹತ್ತು-ಹನ್ನೆರಡು ಉಳಿದವು. ಪಾಮ್‌ಗಳನ್ನು ಒಂದು ಕಲ್ಯಾಣಮಂಟಪದವರು ಒಯ್ದರು.

ನೀರಿನ ಕ್ರಮವೂ ಹಗುರಾಯಿತು. ಎರೆಮಣ್ಣು ನೀರನ್ನು ಬಹಳ ದಿನ ಹಿಡಿದಿಡುತ್ತದೆ. ದಿನವೂ ಚಿಮುಕಿಸುವ ಮಣ್ಣೇ ಅಲ್ಲ ಅದು. ಗಿಡ ಬೇರೂರಿದ ಮೇಲೆ ಎಂಟು-ಹತ್ತು ದಿನಕ್ಕೊಮ್ಮೆ ಬುಡ ತುಂಬ ಕೊಟ್ಟರೆ ಸಾಕು. ಬುಡಕ್ಕೆ ಶೇಂಗಾ ಹೊಟ್ಟು ಮುಚ್ಚಿಗೆ ಹಾಕಿದೆವು. ನಮ್ಮ ಭಾಗದಲ್ಲಿ ಅದು ಸುಲಭಕ್ಕೆ ಸಿಗುತ್ತದೆ, ಬಿರುಕು ಬಿಡುವುದನ್ನು ತಡೆಯುತ್ತದೆ. ಕಾಂಡಕ್ಕೆ ತಾಗಿಸಬಾರದು, ಗೆದ್ದಲು ಹತ್ತುತ್ತವೆ. ಅಕ್ಕಿ, ಬೇಳೆ, ಕಾಯಿಪಲ್ಯ ತೊಳೆದ ನೀರು ಬಕೆಟ್ಟಿನಲ್ಲಿ ಕರಿಬೇವಿಗೆ, ಮಲ್ಲಿಗೆಗೆ ಹೋಗುತ್ತದೆ. ಬಟ್ಟೆ ತೊಳೆದ ನೀರನ್ನು ಮಾತ್ರ ಬಿಡಬೇಡಿ ಎಂದೆ. ಸೋಪಿನ ಪುಡಿಯಲ್ಲಿನ ಸೋಡಿಯಂ ಎರೆಯನ್ನು ಇನ್ನಷ್ಟು ಜಿಗುಟು ಮಾಡುತ್ತದೆ.

ಮಾಳಿಗೆಯ ಮಳೆನೀರನ್ನು ಸಂಪಿಗೆ ತಿರುಗಿಸಿದೆವು. 1,700 ಚದರ ಅಡಿಯ ಮಾಳಿಗೆಯ ಮೇಲೆ 20 ಮಿ.ಮೀ. ಮಳೆ ಬಿದ್ದರೆ ಲೆಕ್ಕಕ್ಕೆ 3,000 ಲೀಟರಿನ ಮೇಲೆ ನೀರು. ಮೊದಲ ತೊಳೆನೀರು, ಸೋರಿಕೆ ಕಳೆದರೂ 2,500 ಸಿಗುತ್ತದೆ. ಏಪ್ರಿಲ್-ಮೇಯಲ್ಲಿ ನಮ್ಮಲ್ಲಿ ಗುಡುಗಿನ ಅಡ್ಡಮಳೆ ಬರುವುದುಂಟು. ಅಂಥದ್ದೊಂದು ಬಂದರೆ ಆಗ ಅದರ ಬೆಲೆ ತಿಳಿಯುತ್ತದೆ.

ಆಮೇಲೆ ನಡೆದದ್ದು

ಮೊದಲ ಕೆಲವು ತಿಂಗಳು ಕಷ್ಟವಾಗಿತ್ತು. ನೆಟ್ಟನೆಯ ದಾರಿ, ಗೇಣುದ್ದದ ಗಿಡಗಳು, ಉಳಿದದ್ದೆಲ್ಲ ಬೋಳು ಕರಿ ನೆಲ. ಬಂದವರು “ಏನ್ರೀ, ತ್ವಾಟದ ಕೆಲಸ ಇನ್ನೂ ಮುಗದಿಲ್ಲೇನು?” ಎಂದು ಕೇಳುತ್ತಿದ್ದರು. ಸಾಹೇಬರಿಗೆ ಇದು ಬಹಳ ಚುಚ್ಚುತ್ತಿತ್ತು. ಖಾಲಿ ಕಂಡಲ್ಲಿ ಏನಾದರೂ ತಂದು ಹಚ್ಚೋಣ ಎಂದು ಎರಡು ಸಲ ನರ್ಸರಿಯ ತನಕ ಹೋಗಿದ್ದರಂತೆ, ಅಕ್ಕಾರು ತಡೆದರು. ಸರಳವಾಗಿ ಮಾಡಿದ ತೋಟ ಕೆಡುವುದು ಹೆಚ್ಚಾಗಿ ಈ ಹಂತದಲ್ಲೇ. ಗಿಡಕ್ಕೆ ಬೆಳೆಯಲು ಬೇಕಾದ ಹೊತ್ತನ್ನು ನಾವು ಕೊಡುವುದಿಲ್ಲ. ಹುಲಗಲ ಐದು ವರ್ಷದ ಮೇಲೆ ಎಷ್ಟು ಹರಡುತ್ತದೆಂದು ನೆಲದ ಮೇಲೆ ಸುಣ್ಣದಿಂದ ಗೆರೆ ಹಾಕಿ ತೋರಿಸಿದ್ದು ಉಪಯೋಗಕ್ಕೆ ಬಂತು. ಆ ಗೆರೆಯೊಳಗೆ ಏನನ್ನೂ ಹಚ್ಚಲಿಲ್ಲ.

ನಾವು ಎಣಿಸಿದ ಹಾಗೆಯೇ ಎಲ್ಲವೂ ಆಗಲಿಲ್ಲ. ಕಂಪೌಂಡಿನ ಗುಂಟ ಇದ್ದ ದಾಸವಾಳಕ್ಕೆ ಬೇಸಿಗೆಯಲ್ಲಿ ಹಿಟ್ಟು ತಿಗಣೆ ಬಿತ್ತು. ಕುಡಿಯಲ್ಲಿ ಹತ್ತಿ ಅಂಟಿಸಿದಂತೆ ಬಿಳಿ ಹುಳು, ಕೆಳಗೆ ಇರುವೆಗಳ ಸಾಲು. ಒಂದೇ ಜಾತಿ ಒತ್ತೊತ್ತಾಗಿ ಇದ್ದದ್ದರಿಂದ ಈ ತುದಿಯಿಂದ ಆ ತುದಿಯ ತನಕ ಸಾಗಿತು. ಹತ್ತಿದ ಕುಡಿ ಕತ್ತರಿಸಿ ಸುಟ್ಟು, ಪೈಪಿನಿಂದ ಜೋರಾಗಿ ನೀರು ಹೊಡೆದು, ಬೇವಿನೆಣ್ಣೆಗೆ ಸ್ವಲ್ಪ ಸೋಪಿನ ನೀರು ಬೆರೆಸಿ ಸಂಜೆ ಹೊತ್ತು ಸಿಂಪಡಿಸಿದರು. ಹತೋಟಿಗೆ ಬಂತು. ಆಮೇಲೆ ಆ ಸಾಲಿನಲ್ಲಿ ಅಲ್ಲಲ್ಲಿ ದಾಸವಾಳ ತೆಗೆದು ನಂದಿಬಟ್ಟಲು, ಅಬ್ಬಲಿಗೆ ಸೇರಿಸಿದೆವು. ತೋಟ ಸರಳವಾಗಿರಲಿ ಎಂದು ಜಾತಿಗಳನ್ನು ಕಡಿಮೆ ಮಾಡುವುದಕ್ಕೂ ಒಂದು ಮಿತಿ ಇದೆ. ಅದು ಈ ಸಾಲಿನಿಂದ ಸ್ಪಷ್ಟವಾಯಿತು. ಕಡಿಮೆ ಮಾಡಬೇಕಾದದ್ದು ಆರೈಕೆಯ ಬಗೆಗಳನ್ನು. ಒಂದೇ ಬಗೆಯ ನೀರು, ಒಂದೇ ಬಗೆಯ ಮಣ್ಣು ಸಾಕೆನ್ನುವ ಬೇರೆ ಬೇರೆ ಗಿಡಗಳಿದ್ದರೆ ಕೆಲಸ ಹೆಚ್ಚುವುದಿಲ್ಲ, ರೋಗವೂ ಸಾಲಾಗಿ ಹರಡುವುದಿಲ್ಲ.

ಸೊಪ್ಪಿನ ಮಡಿ ಆಷಾಢದ ಜಡಿಮಳೆಯಲ್ಲಿ ಕೊಳೆಯಿತು. ಈಗ ಮಳೆಗಾಲದಲ್ಲಿ ಅದಕ್ಕೆ ಬಿಡುವು. ಹಿಂಗಾರಿಗೆ ಮೆಂತೆ, ಕೊತ್ತಂಬರಿ, ರಾಜಗಿರಿ, ಹಕ್ಕರಕಿ ಹಾಕುತ್ತಾರೆ. ರೊಟ್ಟಿಯ ಜೊತೆ ಹಸಿಯಾಗಿ ತಿನ್ನಲು ಹಕ್ಕರಕಿ ಅವ್ವನಿಗೆ ಬೇಕೇ ಬೇಕು. ಮಡಿಯ ಅಂಚಿನಲ್ಲಿ ಕೂತು ಅವರೇ ಕಳೆ ತೆಗೆಯುತ್ತಾರೆ.

ಮುಂದಿನ ಬೇಸಿಗೆಯನ್ನು ತೋಟ ದಾಟಿತು. ನಳದ ನೀರು ತಡವಾದ ವಾರವೊಂದಿತ್ತು, ಮನೆಯವರೆಲ್ಲ ಮದುವೆಗೆಂದು ಹಾವೇರಿಗೆ ಹೋಗಿದ್ದರು. ತಿರುಗಿ ಬಂದಾಗ ಮಲ್ಲಿಗೆ ಎಲೆ ಬಾಡಿತ್ತು, ಉಳಿದವು ಗಟ್ಟಿಯಾಗಿದ್ದವು. ಮಾಲಿ ಈಗ ತಿಂಗಳಿಗೊಮ್ಮೆ ಬರುತ್ತಾನೆ. ಟೈಮರ್, ಫಿಲ್ಟರ್ ಎರಡೂ ಮೂಲೆ ಸೇರಿವೆ. ದೇವರ ಹೂವು ಮನೆಯದ್ದೇ. ಅವ್ವ ಬೆಳಿಗ್ಗೆ ಸಂಜೆ ಎರಡು ಹೊತ್ತೂ ಅಂಗಳಕ್ಕೆ ಇಳಿಯುತ್ತಾರೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮುಖ್ಯ ಫಲ ಅದು.

ಈಗ ಹೊಸ ಮನೆಯವರು ತೋಟಕ್ಕೆಂದು ಕರೆದರೆ ನಾನು ಗಿಡಗಳ ಪಟ್ಟಿಯಿಂದ ಶುರು ಮಾಡುವುದಿಲ್ಲ. ಮೇ ತಿಂಗಳ ಒಂದು ಕೆಟ್ಟ ವಾರವನ್ನು ಮುಂದಿಡುತ್ತೇನೆ. ನಳ ಬಂದಿಲ್ಲ, ಮಾಲಿ ಊರಿಗೆ ಹೋಗಿದ್ದಾನೆ, ಮನೆಯಲ್ಲಿ ಒಬ್ಬರಿಗೆ ಜ್ವರ. ಆ ವಾರ ಯಾರು, ಎಷ್ಟು ಬಕೆಟ್ ನೀರು, ಯಾವ ಗಿಡಕ್ಕೆ ಹಾಕುತ್ತಾರೆಂದು ಕೇಳುತ್ತೇನೆ. ಉತ್ತರ ಬರುವ ಗಿಡಗಳಿಂದ ನಕಾಶೆ ಶುರುವಾಗುತ್ತದೆ. ಒಂದು ಆಸೆಯ ವಸ್ತುವಿಗೆ, ಈ ಮನೆಯ ಕಾಗದದ ಹೂವಿನ ಹಾಗೆ, ಜಾಗ ಬಿಡಲೇಬೇಕು. ಇಲ್ಲದಿದ್ದರೆ ತೋಟ ಯಾರಿಗೂ ತಮ್ಮದೆನ್ನಿಸುವುದಿಲ್ಲ. ಮತ್ತು ಮನೆಯ ಎಲ್ಲರೂ, ಮುಖ್ಯವಾಗಿ ಹಗಲೆಲ್ಲ ಮನೆಯಲ್ಲೇ ಇರುವವರು, ಮಾತುಕತೆಗೆ ಕೂರಬೇಕು. ಇಲ್ಲಿ ಅವ್ವನನ್ನು ನಕಾಶೆಯ ಹೊತ್ತಿಗೇ ಕೇಳಿದ್ದರೆ ಸುಮಾರು ಮೂರು ಲಕ್ಷ ಉಳಿಯುತ್ತಿತ್ತು.

ಒಂದು ವಿಷಯ ಇನ್ನೂ ಬಾಕಿ ಇದೆ. ಕೊಳ ಇದ್ದ ಗುಂಡಿಯನ್ನು ಗರಸು, ಮಣ್ಣು ಹಾಕಿ ಮುಚ್ಚಿದ್ದೇವೆ, ಆ ಜಾಗಕ್ಕೆ ಏನೆಂದು ತೀರ್ಮಾನವಾಗಿಲ್ಲ. ಧಾರವಾಡದ ಆಪೂಸ್ ಮಾವು ಹಚ್ಚೋಣ ಎಂಬುದು ಮಗನ ಆಸೆ. ಕಸಿ ಮಾವಿಗೆ ರೂಢಿಯಲ್ಲಿ ಹತ್ತು ಮೀಟರ್ ಅಂತರ ಬೇಕು, ಇಲ್ಲಿ ಸಂಪು ಮೂರು ಮೀಟರಿನಲ್ಲೇ ಇದೆ, ಬೇಡ ಎಂದಿದ್ದೇನೆ. ಅವ್ವ ಇನ್ನೊಂದು ಪೇರಲ ಅನ್ನುತ್ತಾರೆ. ಒಂದು ಮಳೆಗಾಲ ಜಾಗವನ್ನು ಹಾಗೇ ಬಿಟ್ಟು ನೋಡುವುದೆಂದು ಸದ್ಯಕ್ಕೆ ಒಪ್ಪಿಕೊಂಡಿದ್ದೇವೆ. ಮಳೆ ನಿಂತ ಮಾರನೆಯ ದಿನವೂ ಅಲ್ಲಿ ನೀರು ಇದ್ದರೆ ಕೆಸವಿನ ಗಡ್ಡೆ ಹಚ್ಚುತ್ತೇವೆ, ಇಂಗಿ ಹೋದರೆ ಪೇರಲ.